ಜಿಪ್ಸಿಯನ್ನೂ ಅದರ ಸ್ಪೇರ್‌ಗಳನ್ನೂ ನಾನು ಮಾರಿದ ಬಗೆ

2005ರ ಮಾರುತಿ ಜಿಪ್ಸಿಯನ್ನು 2024ರ ಮಾರ್ಚ್‌ನಲ್ಲಿ ಮಾರಿದೆ. ಶೆಡ್ಡಿನಲ್ಲಿ ಕೂಡಿಟ್ಟಿದ್ದ ಸ್ಪೇರ್ ಪಾರ್ಟುಗಳನ್ನೂ ಮಾರಿದೆ, ಆದರೆ ಬಹುಪಾಲನ್ನು ಬೇರೆಯಾಗಿ. ಚಿಕ್ಕಮಗಳೂರಿನ ಸುತ್ತಮುತ್ತ ತೋಟದ ಮನೆಗಳಲ್ಲಿ ಇಂಥ ಗಾಡಿಗಳು ಇನ್ನೂ ಬೇಕಾದಷ್ಟಿವೆ. ಹತ್ತಿಪ್ಪತ್ತು ವರ್ಷ ಜೋಪಾನ ಮಾಡಿದವರೇ ಕೊನೆಗೆ ಬ್ರೋಕರ್ ಹೇಳಿದ ರೇಟಿಗೆ ತಲೆಯಾಡಿಸಿ, ಸ್ಪೇರ್‌ಗಳನ್ನು ಗುಜರಿಗೆ ತೂಕಕ್ಕೆ ಹಾಕುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ನಮ್ಮ ಕಡೆ ಗಾಡಿ ಮಾರಲು ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಅರೇಬಿಕಾ ಕೊಯ್ಲು ಮುಗಿದು ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡುತ್ತಿರುತ್ತದೆ. ಜೂನ್ ಮಳೆ ಹಿಡಿಯುವುದರೊಳಗೆ ನಾಲ್ಕೂ ಚಕ್ರ ಎಳೆಯುವ ಒಂದು ಫೋರ್‌ವೀಲ್ ಗಾಡಿ ಆಗಲಿ ಎಂದು ಹುಡುಕುವವರೂ ಆಗಲೇ ಹೊರಡುತ್ತಾರೆ. ಜಿಪ್ಸಿ ಶೋರೂಮಿನಲ್ಲಿ ಸಿಗದೆ ವರ್ಷಗಳಾದವು. 2023ರಲ್ಲಿ ಮಾರುತಿಯದೇ ಜಿಮ್ನಿ ಬಂತು ನಿಜ, ಆದರೆ ತೋಟದೊಳಗೆ ಗೊಬ್ಬರದ ಮೂಟೆ ಹಾಕಿಕೊಂಡು ಹೋಗುವವರು ಈಗಲೂ ಹಳೆ ಜಿಪ್ಸಿಯನ್ನೇ ಕೇಳುತ್ತಾರೆ.

ಮಲೆನಾಡಿನ ಗಾಡಿಯ ಆಯಸ್ಸು ಇರುವುದು ತಳದಲ್ಲಿ. ಮೇಲೆ ಪೇಂಟ್ ಹೊಡೆಸಿ ಮಿಂಚಿಸಿದ ಗಾಡಿಯನ್ನು ಇಲ್ಲಿಯ ಜನ ಮೊದಲು ಅನುಮಾನದಿಂದಲೇ ನೋಡುತ್ತಾರೆ. ನಾನು ಪೇಂಟಿಗೆ ಒಂದು ರೂಪಾಯಿ ಹಾಕಲಿಲ್ಲ. ತಳಕ್ಕೆ ನೀರು ಹೊಡೆಸಿ, ಕೆಸರೆಲ್ಲ ಕೆರೆಸಿ, ಚಾಸಿ, ಅಂದರೆ ತಳದ ಉಕ್ಕಿನ ಚೌಕಟ್ಟು, ಕಣ್ಣಿಗೆ ಕಾಣುವಂತೆ ಮಾಡಿದೆ. ಅಂಡರ್ ಕೋಟಿಂಗ್ ಹೊಸದಾಗಿ ಬಳಿಸಲಿಲ್ಲ. ಮಾರುವ ಮುಂಚೆ ಬಳಿದ ಕಪ್ಪು ಕೋಟಿಂಗ್ ಕೆಳಗೆ ಏನಿದೆಯೋ ಎಂಬ ಪ್ರಶ್ನೆ ಕೊಳ್ಳುವವನಿಗೆ ಬಂದೇ ಬರುತ್ತದೆ. ಹಿಂದಿನ ಚಕ್ರದ ಪಕ್ಕ ಒಂದು ಕಡೆ ತುಕ್ಕು ಹಿಡಿದು ತಗಡು ಬೆಸುಗೆ ಹಾಕಿಸಿದ್ದೆ. ಅದನ್ನು ಬಂದವರಿಗೆಲ್ಲ ನಾನೇ ಮೊದಲು ತೋರಿಸುತ್ತಿದ್ದೆ. ತೋರಿಸಿದ ಮೇಲೆ ಉಳಿದ ಮಾತನ್ನು ಜನ ನಂಬುತ್ತಿದ್ದರು.

ಗಾಡಿಯ ಮುಂದೆ ಹಾಕಿಸಿದ್ದ ಕಂಬಿ, ಅಂದರೆ ಬುಲ್ ಬಾರ್, ಬಿಚ್ಚಿಟ್ಟು ಬಹಳ ಕಾಲವಾಗಿತ್ತು. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ನಿಷೇಧಿಸಿತ್ತು. ಹಿಂದೆ ಬದಲಿಸಿದ್ದ ಸೀಟು ತೆಗೆದು ಕಂಪನಿಯ ಹಳೆ ಸೀಟನ್ನೇ ಮತ್ತೆ ಕೂರಿಸಿದೆ. ಗಾಡಿ ಆರ್‌ಸಿಯಲ್ಲಿ ಇರುವ ಹಾಗೇ ಇದ್ದರೆ ಆರ್‌ಟಿಒ ಆಫೀಸಿನಲ್ಲೂ ತಕರಾರಿಲ್ಲ, ಕೊಳ್ಳುವವನಿಗೂ ತಲೆನೋವಿಲ್ಲ. ಬಿಚ್ಚಿದ ಒರಿಜಿನಲ್ ಸಾಮಾನನ್ನು ಯಾರೂ ಎಸೆಯಬೇಡಿ. ಉತ್ಪಾದನೆ ನಿಂತ ಗಾಡಿಗೆ ಬೆಲೆ ಬರುವುದೇ ಅದರಿಂದ.

ಇನ್ನು ಸ್ಪೇರ್ ವಿಷಯ. ಎಲ್ಲವನ್ನೂ ಗಾಡಿಯೊಳಗೆ ತುಂಬಿ "ಇಷ್ಟೆಲ್ಲ ಫ್ರೀ" ಎಂದರೆ ಅದಕ್ಕೆ ಬೆಲೆ ಕಟ್ಟುವವರು ಯಾರೂ ಇಲ್ಲ. ಶೆಡ್ಡಿನಲ್ಲಿ ಟಾರ್ಪಾಲ್ ಹಾಸಿ ಸಾಮಾನನ್ನೆಲ್ಲ ಹರಡಿ ಮೂರು ಪಾಲು ಮಾಡಿದೆ. ಸ್ಟೆಪ್ನಿ, ಜಾಕಿ, ಎರಡನೇ ಕೀಲಿ, ಹಳೆಯ ಹುಡ್, ಅದರ ಕಂಬಿಗಳು ಗಾಡಿಯ ಜೊತೆಗೇ ಹೋಗಬೇಕಾದವು. ಬಿಚ್ಚಿಟ್ಟಿದ್ದ, ಇಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಫೋರ್‌ವೀಲ್ ಬೇಕಾದಾಗ ಮುಂದಿನ ಚಕ್ರಗಳನ್ನು ಸೇರಿಸುವ ಲಾಕಿಂಗ್ ಹಬ್ ಜೋಡಿ, ಪ್ರೊಪೆಲ್ಲರ್ ಶಾಫ್ಟ್, ಸ್ಟಾರ್ಟರ್ ಮೋಟಾರ್, ಮುಂದಿನ ಗಾಜು, ಪೆಟ್ಟಿಗೆ ಒಡೆಯದ ಕಿಂಗ್ ಪಿನ್ ಬೇರಿಂಗ್ ಬಿಡಿಯಾಗಿ ಮಾರುವಂಥವು. ಮೂರನೆಯದು ರಬ್ಬರ್: ಟೈಮಿಂಗ್ ಬೆಲ್ಟ್, ಆಯಿಲ್ ಸೀಲ್, ಬುಷ್. ಇವು ಪೆಟ್ಟಿಗೆಯೊಳಗೇ ಇದ್ದರೂ ವರ್ಷ ಕಳೆದಂತೆ ಬಿರುಸಾಗುತ್ತವೆ. ಈ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇರುವುದರಿಂದ ಹಳೆ ಬೆಲ್ಟ್ ಹಾಕಿ ಅದು ನಡುದಾರಿಯಲ್ಲಿ ಹರಿದರೆ ಗಾಡಿ ಅಲ್ಲೇ ನಿಂತಿತು. ಅದನ್ನು ದುಡ್ಡಿಗೆ ಕೊಡುವುದು ಸರಿಯಲ್ಲ. ರಬ್ಬರ್ ಪಾಲನ್ನು ನಾನು ಯಾರಿಗೂ ಮಾರಲಿಲ್ಲ.

ಟೈರಿಗೂ ಇದೇ ಲೆಕ್ಕ. ಪಕ್ಕದಲ್ಲಿ ಒತ್ತಿರುವ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2219 ಎಂದಿದ್ದರೆ 2019ರ 22ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಇರಲಿ, ಆ ಅಂಕಿಯ ಫೋಟೋ ಇಲ್ಲದೆ ಟೈರ್ ಮಾರಲು ಹೋಗಬೇಡಿ.

ಬ್ರೋಕರ್ ಒಬ್ಬರು ಎರಡೂಕಾಲು ಲಕ್ಷ ಎಂದಿದ್ದರು. ನಾನು ನಾಲ್ಕಕ್ಕೆ ಶುರು ಮಾಡಿದೆ. ಆ ಧೈರ್ಯ ಕೊಟ್ಟದ್ದು ಬಿಲ್ಲುಗಳ ಫೈಲು. ಯಾವ ತಿಂಗಳು ಕ್ಲಚ್ ಪ್ಲೇಟ್, ಯಾವಾಗ ಬೆಲ್ಟ್, ಎಷ್ಟು ಕಿಲೋಮೀಟರಿಗೆ ಆಕ್ಸಲ್ ಗೇರುಗಳ ಹೌಸಿಂಗ್ ಆಯಿಲ್ ಎಂಬುದೆಲ್ಲ ಅದರಲ್ಲಿತ್ತು. ಹಳ್ಳ ದಾಟಿಸಿದ ಮೇಲೆ ಹೌಸಿಂಗ್ ಆಯಿಲ್ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಿಸಿದ ದಿನಗಳನ್ನೂ ಬರೆದಿಟ್ಟಿದ್ದೆ. ಫೋನಿನಲ್ಲೇ "ಲಾಸ್ಟ್ ಎಷ್ಟು ಸಾರ್?" ಎಂದವರಿಗೆ ಗಾಡಿ ನೋಡಿ ಮಾತಾಡೋಣ ಎಂದಷ್ಟೇ ಹೇಳಿದೆ.

ಕೊನೆಗೆ ತೆಗೆದುಕೊಂಡದ್ದು ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು. ಜೊತೆಗೆ ತಮ್ಮ ಮೆಕ್ಯಾನಿಕ್‌ನನ್ನೂ ಕರೆತಂದಿದ್ದರು. ಬೆಳಿಗ್ಗೆಯೇ ಬನ್ನಿ ಎಂದಿದ್ದೆ. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆಂದು ಅವರೇ ನೋಡಲಿ ಎಂದು. ಮೆಕ್ಯಾನಿಕ್ ಬಂದವನೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ. ಆಮೇಲೆ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ನುಗ್ಗಿ, ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋದ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ತಿಂದಿದ್ದರೆ ಸದ್ದು ಸತ್ತಂತೆ ಬರುತ್ತದೆ. ಕೊನೆಯವರೆಗೂ ಟಣ್ ಎಂದೇ ಬಂತು. ಹೊರಗೆ ಬಂದು, "ಗೌಡ್ರೇ, ಅಡಿ ಚೆನ್ನಾಗೈತೆ" ಎಂದ. ಗಿರಿ ರಸ್ತೆಯ ಕೈಮರ ಎಂಬಲ್ಲಿಂದ ಮೇಲಕ್ಕೆ ಏರಿನಲ್ಲಿ ಓಡಿಸಿದರು. ವಾಪಸ್ ಬಂದು ತೋಟದ ಕೆಸರಿನಲ್ಲಿ ಹಬ್ ಲಾಕ್ ಮಾಡಿ, ಲೋ ಗೇರಿಗೆ ಹಾಕಿ, ಗೇರ್ ಹಾರುತ್ತದೆಯೇ ಎಂದೂ ನೋಡಿದರು. ಮೂರು ಲಕ್ಷದ ಅರವತ್ತು ಸಾವಿರಕ್ಕೆ ಮಾತು ಮುಗಿಯಿತು.

ಒಂದು ಖರ್ಚನ್ನು ಮಾತ್ರ ಮೊದಲೇ ಬಿಡಿಸಿ ಹೇಳಿದೆ. 15 ವರ್ಷ ತುಂಬಿದಾಗ ಮಾಡಿಸಿದ ಆರ್‌ಸಿ ರಿನ್ಯೂವಲ್ ಐದು ವರ್ಷಕ್ಕೆ, ಅಂದರೆ 2025ಕ್ಕೆ ಮುಗಿಯುವುದರಲ್ಲಿತ್ತು. 2022ರ ಏಪ್ರಿಲ್‌ನಿಂದ ಹಳೆ ಕಾರಿನ ರಿನ್ಯೂವಲ್ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಹಸಿರು ತೆರಿಗೆ ಬೇರೆ. ಇದನ್ನು ಮುಚ್ಚಿಟ್ಟು ಮಾರಿದರೆ ಮುಂದಿನ ವರ್ಷ ಅವರ ಮುಖ ನೋಡುವುದು ಹೇಗೆ?

ಕಾಗದದ ಕೆಲಸದಲ್ಲಿ ನಾನು ಬಹಳ ಕಟ್ಟುನಿಟ್ಟು. ಮಾಲೀಕರ ಹೆಸರು ಬದಲಿಸುವ ಫಾರಂ 29, ಫಾರಂ 30ಕ್ಕೆ ಖಾಲಿ ಸಹಿ ಹಾಕಿ ಕೊಡುವ ಅಭ್ಯಾಸ ನಮ್ಮಲ್ಲಿ ವಿಪರೀತ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಸ್ಪಷ್ಟವಾಗಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ, ಆರ್‌ಟಿಒ ದಾಖಲೆಯಲ್ಲಿ ಹೆಸರು ಇರುವವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವನದೇ. ಆದ್ದರಿಂದ ಎಲ್ಲ ಕಾಲಂ ತುಂಬಿಸಿದ ಮೇಲೆಯೇ ಸಹಿ ಹಾಕಿದೆ. ಈ ಫಾರಂಗಳಿಗಾಗಿ ಚಾಸಿ ನಂಬರಿನ ಮೇಲೆ ಕಾಗದ ಒತ್ತಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ಪ್ರಿಂಟ್ ತೆಗೆಯುವಾಗ ಅಂಕಿಗಳು ಒಂದೊಂದಾಗಿ ಬಿಳಿಯಾಗಿ ಮೂಡಿದವು. ತುಕ್ಕಿನಿಂದ ಒಂದು ಅಂಕಿ ಅಳಿಸಿದ್ದರೂ ಕೆಲಸ ಕೆಡುತ್ತಿತ್ತು. ಆ ಜಾಗಕ್ಕೆ ಪ್ರತಿ ಮಳೆಗಾಲಕ್ಕೆ ಮುಂಚೆ ಗ್ರೀಸ್ ಹಚ್ಚುತ್ತಿದ್ದೆ.

ದುಡ್ಡು ಬ್ಯಾಂಕಿಗೆ ಬಂದ ಮೇಲೆ, ತಾರೀಖಿನ ಜೊತೆ ಗಂಟೆಯನ್ನೂ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ ಕೀಲಿ ಕೊಟ್ಟೆ. ಅವತ್ತೇ ಫಾಸ್ಟ್ಯಾಗ್ ಮುಚ್ಚಿಸಿದೆ. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು ವಿಮೆ ಕಂಪನಿಗೆ ತಿಳಿಸಲೂ 14 ದಿನವೇ. ಎರಡನ್ನೂ ಫೋನ್ ಮಾಡಿ ಮಾಡಿ ಮಾಡಿಸಿದೆ. ಎಂಪರಿವಾಹನ್ ಆ್ಯಪಿನಲ್ಲಿ ಮಾಲೀಕರ ಹೆಸರು ಬದಲಾದದ್ದು ಕಂಡ ಮೇಲೆಯೇ ಫೈಲ್ ಮುಚ್ಚಿದ್ದು.

ಬಿಡಿ ಸಾಮಾನಿಗೆ ಗಿರಾಕಿಗಳು ಸಿಕ್ಕಿದ್ದು ಹೆಚ್ಚಾಗಿ ಸಕಲೇಶಪುರದ ಕಡೆಯ ಆಫ್‌ರೋಡ್ ಹುಡುಗರ ಪೈಕಿ. ಪ್ರತಿಯೊಂದಕ್ಕೂ ಪಾರ್ಟ್ ನಂಬರ್ ಕಾಣುವಂತೆ ಒಂದು ಫೋಟೋ, ಸವೆದ ಜಾಗದ್ದೇ ಇನ್ನೊಂದು ಫೋಟೋ ಕಳಿಸುತ್ತಿದ್ದೆ. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಪೂರ್ತಿ ಇಳಿಸಿ, ಹಳೆ ಕಾಫಿ ಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿಸಿದೆ. ಗಾಜನ್ನು ಮಾತ್ರ ಬಸ್ಸಿಗೆ ಹಾಕಲಿಲ್ಲ. ಬೇಕಾದವರೇ ಬಂದು, ಪಿಕಪ್‌ನಲ್ಲಿ ಹಾಸಿಗೆಯ ಮೇಲೆ ಮಲಗಿಸಿಕೊಂಡು ಹೋದರು. ಬಿಡಿ ಸಾಮಾನೆಲ್ಲ ಸೇರಿ ಐವತ್ತು ಸಾವಿರದ ಹತ್ತಿರ ಬಂತು.