ಗೆಲ್ಲುತ್ತಿರುವವರು ಯಾರು? ಯುದ್ಧದ ಸುದ್ದಿಯನ್ನು ಅಳೆದು ನೋಡುವ ಬಗೆ

2022ರ ಫೆಬ್ರುವರಿ 24ರಂದು ರಷ್ಯಾ ಪಡೆಗಳು ಉಕ್ರೇನ್ ಗಡಿ ದಾಟಿದಾಗ, ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದವರಲ್ಲಿ ನುರಿತ ಸೇನಾ ವಿಶ್ಲೇಷಕರೂ ಇದ್ದರು. 2023ರ ಬೇಸಿಗೆಯ ಪ್ರತಿದಾಳಿಯಲ್ಲಿ ಉಕ್ರೇನ್ ಸೇನೆ ಅಜೋವ್ ಸಮುದ್ರದ ದಡ ಮುಟ್ಟುತ್ತದೆ ಎಂದು ನಂಬಿದವರೂ ಅಷ್ಟೇ ಬಲ್ಲವರು. ಎರಡೂ ಹುಸಿಯಾದವು. ಮೊದಲ ಸಲ ಟ್ಯಾಂಕ್ ಎಣಿಸಿ ಕೆಟ್ಟರು, ಎರಡನೇ ಸಲ ವಿಡಿಯೊ ನೋಡಿ ಕೆಟ್ಟರು.

ಸುಳ್ಳು ವಿಡಿಯೊ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸಿಕ್ಕಿಬೀಳುತ್ತದೆ. ನಮ್ಮನ್ನು ಹೆಚ್ಚು ದಾರಿ ತಪ್ಪಿಸುವುದು ನಿಜವಾದ ವಿಡಿಯೊ. ಡ್ರೋನ್ ಹೋಗಿ ಟ್ಯಾಂಕ್‌ಗೆ ಬಡಿದ ದೃಶ್ಯ ಸಾಚಾ ಆಗಿರಬಹುದು; ಅದೇ ದಿನ ಗುರಿ ತಪ್ಪಿದ, ಜಾಮರ್‌ಗೆ ಸಿಕ್ಕಿ ಬಿದ್ದುಹೋದ ಡ್ರೋನ್‌ಗಳ ದೃಶ್ಯವನ್ನು ಯಾರೂ ಹಾಕುವುದಿಲ್ಲ. ಆದ್ದರಿಂದ 'ಇದು ನಿಜವೇ' ಎಂದು ಕೇಳಿದ ಮೇಲೆ 'ನನಗೆ ಇದನ್ನೇ ಯಾಕೆ ತೋರಿಸಿದರು' ಎಂದೂ ಕೇಳಬೇಕು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಉಪಗ್ರಹ ನೋಟ ಇರುವ ನಕ್ಷೆ, ಚಿತ್ರ ಕೊಟ್ಟು ಚಿತ್ರ ಹುಡುಕುವ ಸೌಲಭ್ಯ, ಎರಡು ಮೂರು ದಿನ ಕಾಯುವ ತಾಳ್ಮೆ.

1. ಮೊದಲು ಗುರಿ ಬರೆದಿಡಿ

ಕಾರ್ಯಾಚರಣೆ ಶುರುವಾದ ದಿನವೇ ಎರಡೂ ಕಡೆಯವರು ಏನು ಸಾಧಿಸಲು ಹೊರಟಿದ್ದಾರೆ ಎಂಬುದನ್ನು ದಿನಾಂಕ ಸಮೇತ ಬರೆದುಕೊಳ್ಳಿ. ಬಾಯಲ್ಲಿ ಹೇಳಿದ ಗುರಿ ಒಂದು ಸಾಲು, ಪಡೆಗಳು ಸಾಗಿದ ದಿಕ್ಕಿನಿಂದ ಊಹಿಸಬಹುದಾದ ಗುರಿ ಇನ್ನೊಂದು ಸಾಲು. ದಾಳಿಯ ಮೊದಲ ದಿನವೇ ರಷ್ಯಾದ ವಾಯುಗಾಮಿ ಪಡೆ ಹೆಲಿಕಾಪ್ಟರ್‌ಗಳಲ್ಲಿ ಕೀವ್ ಪಕ್ಕದ ಹೊಸ್ತೊಮೆಲ್ ವಿಮಾನ ನಿಲ್ದಾಣಕ್ಕೆ ಇಳಿಯಿತು. ರಾಜಧಾನಿಯನ್ನು ಬೇಗ ಹಿಡಿಯುವ ಇರಾದೆ ಇಲ್ಲದವರು ಹಾಗೆ ಇಳಿಯುವುದಿಲ್ಲ. ರನ್‌ವೇ ಬಳಕೆಗೆ ಸಿಗಲಿಲ್ಲ, ಸೈನಿಕರನ್ನು ಹೊತ್ತ ದೊಡ್ಡ ವಿಮಾನಗಳು ಇಳಿಯಲಿಲ್ಲ. ಮಾರ್ಚ್ 29ಕ್ಕೆ, ಆ ಭಾಗದಲ್ಲಿ ಕಾರ್ಯಾಚರಣೆ ತಗ್ಗಿಸುತ್ತಿರುವುದು ಪರಸ್ಪರ ವಿಶ್ವಾಸ ಹೆಚ್ಚಿಸಲು ಎಂದಿತು ಮಾಸ್ಕೊ. ಮೊದಲ ದಿನದ ಸಾಲು ನಿಮ್ಮ ಬಳಿ ಬರಹದಲ್ಲಿದ್ದರೆ ಇಂಥ ಮಾತು ನಿಮ್ಮನ್ನು ಅಲ್ಲಾಡಿಸುವುದಿಲ್ಲ. ಅದೇ ವರ್ಷ ಕಪ್ಪು ಸಮುದ್ರದ ಹಾವಿನ ದ್ವೀಪ ಬಿಟ್ಟದ್ದು 'ಸದ್ಭಾವನೆ', ಖಾರ್ಕಿವ್ ಪ್ರಾಂತ ಬಿಟ್ಟದ್ದು 'ಪಡೆಗಳ ಮರುಜೋಡಣೆ' ಆಯಿತು.

ಇದೇ ಅಳತೆಗೋಲನ್ನು ಇನ್ನೊಂದು ಕಡೆಗೂ ಹಿಡಿಯಿರಿ. 2023ರ ಆಗಸ್ಟ್ ಕೊನೆಯಲ್ಲಿ ರೊಬೊತಿನೆ ಹಳ್ಳಿ ಉಕ್ರೇನ್ ವಶಕ್ಕೆ ಬಂದದ್ದು ದೊಡ್ಡ ಸುದ್ದಿಯಾಯಿತು. ಆದರೆ ಎಲ್ಲರೂ ಮೊದಲ ಹೆಜ್ಜೆ ಎಂದು ಎಣಿಸಿದ್ದ ತೊಕ್ಮಾಕ್ ಪಟ್ಟಣ ಅಲ್ಲಿಂದ ಇನ್ನೂ 20 ಕಿ.ಮೀ.ಗೂ ದೂರವಿತ್ತು.

2. ಸಂಖ್ಯೆ ಕೇಳಿದಾಗ ಮೂರು ಪ್ರಶ್ನೆ

ಯಾರ ನಷ್ಟ, ಹೇಳಿದವರು ಯಾರು, ಎಣಿಕೆಯಲ್ಲಿ ಏನೇನು ಸೇರಿದೆ? ಸತ್ತವರ ಲೆಕ್ಕಕ್ಕೂ ಗಾಯಾಳು, ಕಾಣೆಯಾದವರು, ಸೆರೆಯಾದವರನ್ನೆಲ್ಲ ಕೂಡಿಸಿದ ಲೆಕ್ಕಕ್ಕೂ ಹಲವು ಪಟ್ಟು ವ್ಯತ್ಯಾಸ. ಶೀರ್ಷಿಕೆ ಬರೆಯುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಒಬ್ಬ ಸತ್ತರೆ ಮೂವರಿಗೆ ಗಾಯ ಎಂಬ ಹಳೆಯ ಅಂದಾಜನ್ನೂ ಕಣ್ಣುಮುಚ್ಚಿ ಗುಣಿಸಲು ಬಳಸಬೇಡಿ. ಗಾಯಾಳುಗಳನ್ನು ಸಾಗಿಸುವ ವಾಹನಕ್ಕೇ ಡ್ರೋನ್ ಬಡಿಯುವ ರಣರಂಗದಲ್ಲಿ ಬದುಕಿ ಉಳಿಯುವ ಗಾಯಾಳುಗಳ ಪಾಲು ಕುಗ್ಗುತ್ತದೆ.

ತಮ್ಮ ಸಾವಿನ ಲೆಕ್ಕ ಹೇಳುವವರದು ತಳಮಿತಿ, ಎದುರಾಳಿಯ ಸಾವಿನ ಲೆಕ್ಕ ಹೇಳುವವರದು ಮೇಲ್ಮಿತಿ ಎಂದು ಹಿಡಿದರೆ ಬಹುಪಾಲು ಸಂದರ್ಭಗಳಲ್ಲಿ ಕೈಕೊಡುವುದಿಲ್ಲ. ರಷ್ಯಾ ರಕ್ಷಣಾ ಸಚಿವಾಲಯ 2022ರ ಮಾರ್ಚ್ 25ರಂದು ತನ್ನ 1,351 ಸೈನಿಕರು ಸತ್ತಿದ್ದಾರೆ ಎಂದಿತು. ಸೆಪ್ಟೆಂಬರ್ 21ರಂದು 5,937 ಎಂದಿತು. ಇತ್ತ ರಷ್ಯಾದ ಸ್ವತಂತ್ರ ಸುದ್ದಿತಾಣ ಮೀಡಿಯಾಝೋನಾ ಮತ್ತು ಬಿಬಿಸಿಯ ರಷ್ಯನ್ ವಿಭಾಗ ಸೇರಿ ಶ್ರದ್ಧಾಂಜಲಿ ಪ್ರಕಟಣೆ, ಸ್ಥಳೀಯ ಸುದ್ದಿ, ಹೊಸ ಸಮಾಧಿಗಳಿಂದ ಹೆಸರು ಹೆಸರಾಗಿ ಎಣಿಸಿದ ಪಟ್ಟಿ 2025ರಲ್ಲಿ ಒಂದು ಲಕ್ಷ ದಾಟಿತು. ಹೆಸರು ಸಿಗದವರು ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಅದೂ ತಳಮಿತಿಯೇ. ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ತಮ್ಮ ಕಡೆ 31,000 ಮಂದಿ ಸತ್ತರೆಂದು 2024ರ ಫೆಬ್ರುವರಿಯಲ್ಲೂ 43,000 ಎಂದು ಅದೇ ಡಿಸೆಂಬರ್‌ನಲ್ಲೂ ಹೇಳಿದರು. ಇವನ್ನೂ ತಳಮಿತಿಯ ಕಾಲಂನಲ್ಲೇ ಬರೆಯಿರಿ.

2023ರ ಹೊಸ ವರ್ಷದ ರಾತ್ರಿ ಮಕೀವ್ಕಾದಲ್ಲಿ ರಷ್ಯಾ ಸೈನಿಕರು ತಂಗಿದ್ದ ಕಟ್ಟಡಕ್ಕೆ ಉಕ್ರೇನ್ ರಾಕೆಟ್ ಬಡಿದಾಗ ಸತ್ತವರು ಮೊದಲು 63 ಎಂದು ರಷ್ಯಾ, ಆಮೇಲೆ 89 ಎಂದು ಒಪ್ಪಿಕೊಂಡಿತು. ಉಕ್ರೇನ್ ಹೇಳಿದ್ದು ಸುಮಾರು 400. ಸರಾಸರಿ ತೆಗೆಯುವ ಚಪಲ ಬೇಡ, ಎರಡು ಅಂಕಿಗಳ ನಡುವೆ ಅಂತರ ಇದ್ದಂತೆ ಇರಲಿ.

3. ದೃಶ್ಯವನ್ನು ನೆಲಕ್ಕೂ ಗಡಿಯಾರಕ್ಕೂ ಕಟ್ಟಿಹಾಕಿ

ವಿಡಿಯೊ ಕೈಗೆ ಬಂದ ಕೂಡಲೇ ಅದರ ಮೂರು ನಾಲ್ಕು ಸ್ಥಿರ ಚಿತ್ರಗಳನ್ನು ತೆಗೆದು ಹಿಮ್ಮುಖವಾಗಿ ಹುಡುಕಿ. ಅದೇ ದೃಶ್ಯ ಹಳೆಯ ಯಾವುದೋ ಯುದ್ಧದ್ದೆಂದು ಗೊತ್ತಾದರೆ ಕೆಲಸ ಅಲ್ಲಿಗೇ ಮುಗಿಯಿತು. ಆರ್ಮಾ 3 ಎಂಬ ಕಂಪ್ಯೂಟರ್ ಆಟದ ದೃಶ್ಯಗಳು ಯುದ್ಧದ ವಿಡಿಯೊ ಎಂದು ಎಷ್ಟು ಹರಿದಾಡಿದವೆಂದರೆ, ಗುರುತಿಸುವುದು ಹೇಗೆಂದು ಆಟ ತಯಾರಿಸಿದ ಕಂಪನಿಯೇ ಪ್ರಕಟಣೆ ಕೊಡಬೇಕಾಯಿತು. ರಾತ್ರಿಯ ಮಸುಕು, ಅಲುಗಾಡುವ ಕ್ಯಾಮೆರಾ, ಮನುಷ್ಯರೇ ಇಲ್ಲದ ಬಯಲು ಕಂಡರೆ ಅನುಮಾನ ಪಡಿ.

ಹಳೆಯದಲ್ಲ ಎಂದಾದರೆ ಸ್ಥಳ ಪತ್ತೆ ಮಾಡಿ. ಕಟ್ಟಡದಷ್ಟು ಬೇಗ ಅಳಿಯದ ಗುರುತುಗಳನ್ನು ಹಿಡಿಯಿರಿ: ರಸ್ತೆಯ ತಿರುವಿನ ಕೋನ, ಹೊಲಗಳ ನಡುವಿನ ಮರದ ಸಾಲು, ವಿದ್ಯುತ್ ಕಂಬಗಳ ಅಂತರ, ನೀರಿನ ಟ್ಯಾಂಕು, ಚರ್ಚಿನ ಗುಮ್ಮಟ. ಉಪಗ್ರಹ ನಕ್ಷೆಯಲ್ಲಿ ಇವುಗಳಲ್ಲಿ ಕನಿಷ್ಠ ಮೂರು ಒಂದೇ ಜೋಡಣೆಯಲ್ಲಿ ಕೂಡಿಬರಬೇಕು. ನಂತರ ಸಮಯ. ಸ್ಥಳ ಗೊತ್ತಾದ ಮೇಲೆ ನೆರಳಿನ ದಿಕ್ಕು ಮತ್ತು ಉದ್ದದಿಂದ ಗಂಟೆ ಅಂದಾಜಾಗುತ್ತದೆ. ಎಲೆ, ಹಿಮ, ಕೆಸರು ಋತು ಹೇಳುತ್ತವೆ. ಬಿತ್ತರಿಸಿದ ದಿನಾಂಕವನ್ನು ಘಟನೆಯ ದಿನಾಂಕ ಎಂದುಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು. ಪಡೆಗಳು ವಾರಗಟ್ಟಲೆ ಹಳೆಯ ದೃಶ್ಯವನ್ನು ಕೂಡಿಟ್ಟು, ಬೇಕಾದ ದಿನ ಬಿಡುತ್ತವೆ.

ಉಪಗ್ರಹದ ಮಿತಿಯನ್ನೂ ತಿಳಿದಿರಿ. ಯಾರಿಗಾದರೂ ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 10 ಮೀಟರ್. ಒಂದು ಟ್ಯಾಂಕಿನ ಒಡಲು ಸುಮಾರು 7 ಮೀಟರ್. ಸುಟ್ಟ ಹೊಲ, ಹೊಸ ಕಂದಕದ ಗೆರೆ, ಮುರಿದ ಸೇತುವೆ ಅದರಲ್ಲಿ ಕಾಣುತ್ತವೆ, ಟ್ಯಾಂಕ್ ಕಾಣುವುದಿಲ್ಲ. ನಾಸಾದ ಬೆಂಕಿ ನಕ್ಷೆ ಶಾಖವನ್ನಷ್ಟೇ ತೋರಿಸುತ್ತದೆ. ಅದು ಶೆಲ್ ಬಿದ್ದ ಬೆಂಕಿಯೋ ರೈತ ಹಚ್ಚಿದ್ದೋ ಅದಕ್ಕೆ ಗೊತ್ತಿಲ್ಲ. ಚಳಿಗಾಲದಲ್ಲಿ ಮೋಡ ಕವಿದರೆ ವಾರಗಟ್ಟಲೆ ಏನೂ ಸಿಗದು.

ಈ ಜೋಡಣೆ ಎಷ್ಟು ಬಲವಾದ್ದು ಎಂಬುದಕ್ಕೆ ಕೀವ್ ಪಕ್ಕದ ಬುಚಾ ಪಟ್ಟಣ ಸಾಕ್ಷಿ. 2022ರ ಏಪ್ರಿಲ್ ಆರಂಭದಲ್ಲಿ ಯಬ್ಲುನ್‌ಸ್ಕಾ ಬೀದಿಯ ಶವಗಳ ದೃಶ್ಯ ಹೊರಬಂದಾಗ, ತನ್ನ ಪಡೆ ಹೋದ ಮೇಲೆ ಹೂಡಿದ ನಾಟಕ ಇದು ಎಂದಿತು ರಷ್ಯಾ. ಊರು ಇನ್ನೂ ರಷ್ಯಾ ಪಡೆಯ ಕೈಯಲ್ಲಿದ್ದ ಮಾರ್ಚ್ ಮಧ್ಯದಲ್ಲಿ ಮ್ಯಾಕ್ಸಾರ್ ಕಂಪನಿಯ ಉಪಗ್ರಹ ತೆಗೆದ ಚಿತ್ರಗಳಲ್ಲಿ ಶವಗಳು ಅದೇ ಜಾಗಗಳಲ್ಲಿದ್ದವು.

4. ಕಣ್ಣಿಗೆ ಕಂಡ ನಷ್ಟದ ಪಟ್ಟಿ: ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಓರಿಕ್ಸ್‌ನಂಥ ಪಟ್ಟಿಗಳು ಚಿತ್ರ ಸಿಕ್ಕ ವಾಹನವನ್ನಷ್ಟೇ ಎಣಿಸುತ್ತವೆ. ನಾಶವಾದದ್ದು, ಹಾನಿಗೊಂಡದ್ದು, ಬಿಟ್ಟುಹೋದದ್ದು, ವಶವಾದದ್ದು ಎಂದು ಬೇರ್ಪಡಿಸುತ್ತವೆ. ಒಟ್ಟು ಮೊತ್ತ ನೋಡಿ ಮುಂದೆ ಸಾಗಬೇಡಿ, ಈ ನಾಲ್ಕರ ಪ್ರಮಾಣ ನೋಡಿ. ಬಿಟ್ಟುಹೋದದ್ದು, ವಶವಾದದ್ದು ಏಕಾಏಕಿ ಏರಿದರೆ ಇಂಧನ ಮುಗಿದಿದೆ ಅಥವಾ ತುಕಡಿಯ ಶಿಸ್ತು ಮುರಿದಿದೆ ಎಂದರ್ಥ. 2022ರ ಸೆಪ್ಟೆಂಬರ್‌ನಲ್ಲಿ ಬಲಕ್ಲಿಯಾ, ಕುಪಿಯಾನ್‌ಸ್ಕ್, ಇಝ್ಯುಮ್ ಕೆಲವೇ ದಿನಗಳಲ್ಲಿ ರಷ್ಯಾದ ಕೈತಪ್ಪಿದಾಗ ಆದದ್ದು ಇದೇ. ಸುಟ್ಟುಹೋದದ್ದೇ ಹೆಚ್ಚಿದ್ದರೆ ತುಕಡಿ ನಿಂತು ಹೋರಾಡಿದೆ.

ದೋಷಗಳು ಮೂರು ಕಡೆಯಿಂದ ನುಸುಳುತ್ತವೆ. ಒಂದೇ ಟ್ಯಾಂಕ್ ಬೇರೆ ಬೇರೆ ಕೋನದಿಂದ ಎರಡು ಸಲ ಎಣಿಕೆಗೆ ಬರಬಹುದು. ಟಿ-72 ಎರಡೂ ಸೇನೆಗಳಲ್ಲಿದೆ. ಗುರುತು ಸುಟ್ಟುಹೋಗಿದ್ದರೆ ಯಾರದ್ದೆಂದು ಹೇಳಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಕದನ ಮುಗಿದ ಮೇಲೆ ನೆಲ ಯಾರ ಕೈಲಿದೆಯೋ ಅವರು ನಿಧಾನವಾಗಿ ನಡೆದು ಎದುರಾಳಿಯ ಪ್ರತಿ ವಾಹನದ ಚಿತ್ರ ತೆಗೆಯುತ್ತಾರೆ, ತಮ್ಮದನ್ನು ರಾತ್ರಿ ಎಳೆದೊಯ್ದು ರಿಪೇರಿಗೆ ಹಾಕುತ್ತಾರೆ.

ನಷ್ಟ ಹೆಚ್ಚಾದವರು ಸೋಲುತ್ತಾರೆ ಎಂದೇನೂ ಇಲ್ಲ. 2023ರ ಅಕ್ಟೋಬರ್‌ನಿಂದ ಆವ್ದಿವ್ಕಾ ಸುತ್ತ ರಷ್ಯಾ ಕಳೆದುಕೊಂಡ ಕವಚ ವಾಹನಗಳ ಚಿತ್ರಗಳು ಸಾಲುಸಾಲಾಗಿ ಬಂದವು. 2024ರ ಫೆಬ್ರುವರಿ 17ರಂದು ಊರು ರಷ್ಯಾ ಪಾಲಾಯಿತು. ಎಷ್ಟು ಕಳೆದುಕೊಂಡರು ಎಂಬುದಕ್ಕಿಂತ ಕಳೆದುಕೊಂಡದ್ದರ ಜಾಗಕ್ಕೆ ಏನು ಬರುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ. 2022ರಲ್ಲಿ ಟಿ-62, 2023ರ ಮಾರ್ಚ್‌ನಲ್ಲಿ ರೈಲಿನ ಮೇಲೆ ಟಿ-54, ಟಿ-55 ಹೀಗೆ ಇನ್ನೂ ಹಳೆಯ ಸೋವಿಯತ್ ಟ್ಯಾಂಕ್ ಸಾಗುವುದು ಕಂಡಾಗ ಉಗ್ರಾಣದ ತಳ ಎತ್ತ ಸರಿಯುತ್ತಿದೆ ಎಂಬುದರ ಸುಳಿವು ಸಿಕ್ಕಿತು.

5. ನಕ್ಷೆಯ ಬಣ್ಣಕ್ಕಿಂತ ಟ್ರಕ್ಕಿನ ದಾರಿ ನೋಡಿ

ನಕ್ಷೆಯಲ್ಲಿ ರಷ್ಯಾದ್ದೆಂದು ಕೆಂಪು ಬಳಿದ ಜಾಗವೆಲ್ಲ ಅದರ ಹಿಡಿತದಲ್ಲಿರುವ ಜಾಗವಲ್ಲ. ಯುದ್ಧದ ಮೊದಲ ವಾರದ ನಕ್ಷೆಗಳಲ್ಲಿ ಸೇನೆ ಹಾದುಹೋದ ಒಂದು ರಸ್ತೆಯ ಎರಡೂ ಬದಿಗೆ ಬಣ್ಣ ತುಂಬಿದ್ದರು. ಇಬ್ಬರು ಸೈನಿಕರು ಹಳ್ಳಿಯಲ್ಲಿ ಬಾವುಟ ಹಿಡಿದ ಫೋಟೊ ನುಸುಳಿದ್ದಕ್ಕೆ ಸಾಕ್ಷಿ, ಹಿಡಿದದ್ದಕ್ಕಲ್ಲ. ಮರುದಿನ ಅದೇ ಹಳ್ಳಿಯ ಮೇಲೆ ಯಾರು ಶೆಲ್ ಹಾಕುತ್ತಿದ್ದಾರೆ ನೋಡಿ: ತಮ್ಮವರಿರುವ ಜಾಗಕ್ಕೆ ಯಾರೂ ಹಾಕುವುದಿಲ್ಲ.

ಪೂರೈಕೆಯ ಲೆಕ್ಕ ಕಾಗದದ ಮೇಲೆ ನೀವೇ ಮಾಡಬಹುದು. ಉಗ್ರಾಣದಿಂದ ಮುಂಚೂಣಿಗೆ 40 ಕಿ.ಮೀ., ಸರಾಸರಿ ವೇಗ ಗಂಟೆಗೆ 30 ಕಿ.ಮೀ., ತುಂಬಿ ಇಳಿಸಲು ಎರಡು ಗಂಟೆ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಐದು ಗಂಟೆಯೊಳಗೇ ಆಗುತ್ತದೆ, ಹತ್ತು ಗಂಟೆಯ ದಿನದಲ್ಲಿ ಎರಡು ಸುತ್ತು. ದೂರ 120 ಕಿ.ಮೀ. ಆದರೆ ಒಂದೇ ಸುತ್ತಿಗೆ ಹತ್ತು ಗಂಟೆ. ಒಂದು ಟ್ರಕ್ಕೂ ಸುಡದೆ ಪೂರೈಕೆ ಅರ್ಧಕ್ಕಿಳಿಯಿತು. ಮುನ್ನಡೆದಷ್ಟೂ ಸೇನೆ ಬಡವಾಗುವುದು ಹೀಗೆ. ಕೀವ್‌ನ ಉತ್ತರಕ್ಕೆ ಸುಮಾರು 64 ಕಿ.ಮೀ. ಉದ್ದ ನಿಂತ ವಾಹನಗಳ ಸಾಲನ್ನು ಉಪಗ್ರಹ ಚಿತ್ರದಲ್ಲಿ ಕಂಡು ಹಲವರು ಬೆಚ್ಚಿದ್ದರು. ಅದು ನಿಂತಿದೆ ಎನ್ನುವುದೇ ಮುಖ್ಯ ಸುದ್ದಿಯಾಗಿತ್ತು. ಕೆಲವೇ ರಸ್ತೆಗಳು, ಇಳಿದರೆ ಕೆಸರು, ಮುರಿದ ಸೇತುವೆಗಳು, ಉಕ್ರೇನ್ ಬೇಕೆಂದೇ ಉಕ್ಕಿಸಿದ ಇರ್ಪಿನ್ ನದಿ, ಜೊತೆಗೆ ಹೊಂಚುದಾಳಿ.

ಖೆರ್ಸಾನ್‌ನಲ್ಲಿ ಇದರ ತದ್ವಿರುದ್ಧ ಪಾಠವಿದೆ. 2022ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ನಕ್ಷೆ ಹೆಚ್ಚುಕಡಿಮೆ ಕದಲಲೇ ಇಲ್ಲ. ಆದರೆ ಅಮೆರಿಕ ಕೊಟ್ಟ ಹೈಮಾರ್ಸ್ ಉಡಾವಣಾ ವಾಹನಗಳ ರಾಕೆಟ್‌ಗಳು ನಿಪ್ರೊ ನದಿಯ ಅಂತೊನಿವ್ಕಾ ಸೇತುವೆಯನ್ನು ಮತ್ತೆ ಮತ್ತೆ ಹೊಡೆದು, ಬಲದಂಡೆಯ ರಷ್ಯಾ ಪಡೆಯನ್ನು ದೋಣಿ, ತೆಪ್ಪಗಳ ಪಾಲಿಗೆ ಬಿಟ್ಟವು. ನವೆಂಬರ್ 11ಕ್ಕೆ ಬಲದಂಡೆ ಪೂರ್ತಿ ಖಾಲಿಯಾಯಿತು. 2024ರಲ್ಲಿ ರಷ್ಯಾ ಗಳಿಸಿದ ನೆಲ ಸುಮಾರು 4,000 ಚ.ಕಿ.ಮೀ., ಅಂದರೆ ಉಕ್ರೇನಿನ ವಿಸ್ತೀರ್ಣದಲ್ಲಿ ಶೇ 1ಕ್ಕೂ ಕಡಿಮೆ. ಅದನ್ನು ನೋಡಿ ಯುದ್ಧ ನಿಂತಿದೆ ಎಂದವರು, ಜನ ಮತ್ತು ಮದ್ದುಗುಂಡು ಸವೆಯುವುದು ನಕ್ಷೆಯಲ್ಲಿ ಕಾಣದು ಎಂಬುದನ್ನು ಮರೆತಿದ್ದರು.

6. ಮಾಹಿತಿ ಸಮರಕ್ಕೆ ಬೇರೆ ಪುಟ ತೆರೆಯಿರಿ

ಇದನ್ನು ರಣರಂಗದ ಲೆಕ್ಕದ ಜೊತೆ ಬೆರೆಸಬೇಡಿ. ಇಲ್ಲಿ ಕೇಳಬೇಕಾದ್ದು: ಕೇಳುಗರು ಯಾರು, ಅವರಿಂದ ಏನು ಮಾಡಿಸಬೇಕಿತ್ತು, ಅವರು ಅದನ್ನು ಮಾಡಿದರೇ? ಸ್ವಂತ ಜನ, ಎದುರಾಳಿ ಸೈನಿಕ, ನೆರವು ಕೊಡುವ ದೇಶ, ತಟಸ್ಥ ದೇಶ, ಈ ನಾಲ್ವರಿಗೆ ಒಂದೇ ಸಂದೇಶ ನಾಟುವುದಿಲ್ಲ.

'ಕೀವ್‌ನ ಭೂತ' ಎಂಬ, ರಷ್ಯಾ ವಿಮಾನಗಳನ್ನು ಒಬ್ಬನೇ ಹೊಡೆದುರುಳಿಸಿದನೆಂದು ಹಾಡಿಹೊಗಳಿದ ಪೈಲಟ್ ಕಟ್ಟುಕತೆ ಎಂದು ಉಕ್ರೇನ್ ವಾಯುಪಡೆಯೇ 2022ರ ಏಪ್ರಿಲ್ 30ರಂದು ಒಪ್ಪಿತು. ಹಾವಿನ ದ್ವೀಪದಲ್ಲಿ ಸತ್ತರೆಂದು ಘೋಷಿಸಿದ್ದ 13 ಗಡಿ ಕಾವಲುಗಾರರು ಕೆಲವೇ ದಿನಗಳಲ್ಲಿ ಜೀವಂತ ಸೆರೆಯಲ್ಲಿರುವುದು ತಿಳಿಯಿತು. ಸುಳ್ಳಾದರೂ ಎರಡೂ ಮೊದಲ ವಾರದಲ್ಲಿ ಜನರಿಗೆ ಧೈರ್ಯ ತುಂಬುವ ಕತೆಗಳಾಗಿ ಹರಡಿದವು. ಝೆಲೆನ್‌ಸ್ಕಿ ಶರಣಾಗಿ ಎಂದು ಹೇಳುವಂತೆ ಮಾರ್ಚ್ 16ರಂದು ಹರಿಬಿಟ್ಟ ನಕಲಿ ವಿಡಿಯೊ ಅದೇ ದಿನ ನಗೆಪಾಟಲಾಯಿತು. ದೇಹಕ್ಕೆ ಹೊಂದದ ತಲೆ, ಹೊಂದದ ದನಿ ಒಂದು ಕಾರಣ. ಅಂಥದ್ದು ಬರಬಹುದೆಂದು ಜನರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದದ್ದು ಅದಕ್ಕಿಂತ ದೊಡ್ಡ ಕಾರಣ.

ಅಲ್ಲಗಳೆಯುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಕಪ್ಪು ಸಮುದ್ರ ನೌಕಾಪಡೆಯ ಮುಖ್ಯ ಹಡಗು ಮಾಸ್ಕ್ವಾ ಏಪ್ರಿಲ್ 14ರಂದು ಮುಳುಗಿದಾಗ ರಷ್ಯಾ ಹೇಳಿದ್ದು ಬೆಂಕಿ, ಬಿರುಗಾಳಿ, ಸಿಬ್ಬಂದಿಯೆಲ್ಲ ಪಾರು. ಎಂಟು ದಿನದ ಮೇಲೆ ಒಬ್ಬ ಸತ್ತು 27 ಮಂದಿ ಕಾಣೆಯಾದದ್ದನ್ನು ಒಪ್ಪಬೇಕಾಯಿತು, ಮಕ್ಕಳನ್ನು ಹುಡುಕುತ್ತಿದ್ದ ತಂದೆತಾಯಿಯರು ಅಷ್ಟರಲ್ಲಿ ಬಹಿರಂಗವಾಗಿ ಕೇಳತೊಡಗಿದ್ದರು.

ಮೌನಕ್ಕೂ ಒಂದು ಕಾಲಂ ಇರಲಿ. 2022ರ ಬೇಸಿಗೆಯಿಡೀ ಕೀವ್ ಖೆರ್ಸಾನ್ ದಾಳಿಯ ಬಗ್ಗೆ ಜೋರಾಗಿ ಮಾತನಾಡಿತು. ಸೆಪ್ಟೆಂಬರ್ 6ರಂದು ಖಾರ್ಕಿವ್ ಕಡೆಯಿಂದ ನುಗ್ಗಿತು. 2024ರ ಆಗಸ್ಟ್ 6ರಂದು ರಷ್ಯಾದ ಕುರ್ಸ್ಕ್ ಪ್ರಾಂತಕ್ಕೆ ಉಕ್ರೇನ್ ನುಗ್ಗುವ ಮುನ್ನ ಯಾವ ಮಾತೂ ಇರಲಿಲ್ಲ. ಸದಾ ವಿಡಿಯೊ ಬರುತ್ತಿದ್ದ ವಲಯ ದಿಢೀರನೆ ಖಾಲಿಯಾದರೆ ಆ ದಿನಾಂಕಕ್ಕೆ ಗುರುತು ಹಾಕಿ.

7. ಪ್ರತಿ ಸಾಲಿಗೂ ಒಂದು ದರ್ಜೆ

ಖಚಿತ, ಬಹುಶಃ, ಬರೀ ಹೇಳಿಕೆ. ಇಷ್ಟು ಸಾಕು. ಮೊದಲ 48 ಗಂಟೆಯಲ್ಲಿ ಯಾವುದನ್ನೂ ಖಚಿತಕ್ಕೆ ಏರಿಸಬೇಡಿ. ಮತ್ತು ಹೇಳಿಕೆ ನಿಜವಾಗಿದ್ದರೆ ಇನ್ನೇನು ಕಾಣಬೇಕಿತ್ತು ಎಂದು ಪಕ್ಕದಲ್ಲೇ ಬರೆಯಿರಿ. ರಷ್ಯಾ 2022ರಿಂದಲೇ ಹೈಮಾರ್ಸ್‌ಗಳನ್ನು ಒಂದಾದ ಮೇಲೊಂದು ನಾಶ ಮಾಡಿದ್ದಾಗಿ ಹೇಳುತ್ತ ಬಂತು. ಹಾಗಿದ್ದರೆ ಅವಶೇಷದ ಚಿತ್ರ ಬರಬೇಕಿತ್ತು, ರಾಕೆಟ್ ದಾಳಿ ತಗ್ಗಬೇಕಿತ್ತು. ಕಣ್ಣಿಗೆ ಕಾಣುವ ಪುರಾವೆ ಮೊದಲ ಬಾರಿಗೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ.

ದರ್ಜೆ ಏರಿಸಲು ಎಲ್ಲಕ್ಕಿಂತ ಗಟ್ಟಿ ಕಾರಣ, ತನ್ನ ಕಡೆಗೇ ನೋವಾಗುವ ಮಾತು. 2022ರ ಮೇ ತಿಂಗಳಲ್ಲಿ ಬಿಲೊಹೊರಿವ್ಕಾ ಬಳಿ ಸಿವೆರ್‌ಸ್ಕಿ ದೊನೆತ್ಸ್ ನದಿಗೆ ತೇಲುಸೇತುವೆ ಹಾಕಲು ಹೋದ ರಷ್ಯಾ ತುಕಡಿ ಹತ್ತಾರು ವಾಹನ ಕಳೆದುಕೊಂಡ ಚಿತ್ರಗಳನ್ನು ಉಕ್ರೇನ್ ಬಿಡುಗಡೆ ಮಾಡಿತು. ರಷ್ಯಾ ಪರ ಸೇನಾ ಬ್ಲಾಗರ್‌ಗಳು ತಮ್ಮ ಸೇನಾಧಿಕಾರಿಗಳ ಮೇಲೆಯೇ ಹರಿಹಾಯ್ದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಇನ್ನೊಂದು ಬದಿಯಲ್ಲಿ, ಉಕ್ರೇನಿನದೇ ಆದ ಡೀಪ್‌ಸ್ಟೇಟ್ ನಕ್ಷೆ ಕೈಬಿಟ್ಟ ಹಳ್ಳಿಗಳನ್ನು ಹಲವು ಸಲ ತನ್ನ ಸೇನಾ ಪ್ರಧಾನ ಕಚೇರಿ ಒಪ್ಪುವ ಮೊದಲೇ ಕೆಂಪು ಮಾಡಿದೆ. ಇಂಥ ಮೂಲ ಎರಡೂ ಕಡೆಯಿಂದ ಒಂದೊಂದಾದರೂ ನಿಮ್ಮ ಪಟ್ಟಿಯಲ್ಲಿರಲಿ.