ದಾನಿಗಳ ಪಟ್ಟಿ ನಾನೇ ಕಟ್ಟಿದೆ

ನನ್ನ ಮಗನಿಗೆ ತಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಸಾಕಷ್ಟು ರಕ್ತ ತಯಾರಾಗದ ಹುಟ್ಟು ಕಾಯಿಲೆ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ಬಿಚ್ಚಾಣಿಕೆ. ಅವನಿಗೆ 21 ದಿನಕ್ಕೊಮ್ಮೆ ಎರಡು ಯೂನಿಟ್ ರಕ್ತ ಬೇಕು. 18ನೇ ದಿನಕ್ಕೇ ಅವನು ಮೆಟ್ಟಿಲ ಮಧ್ಯೆ ಕೂತುಬಿಡುತ್ತಿದ್ದ, ಉಗುರು ಬೆಳ್ಳಗಾಗುತ್ತಿತ್ತು. ಏಪ್ರಿಲ್-ಮೇ ಬಂದರೆ ಇನ್ನೂ ಕಷ್ಟ. ಕಾಲೇಜುಗಳಿಗೆ ರಜೆ, ಕ್ಯಾಂಪ್ ಕಡಿಮೆ, ರಕ್ತ ಇರುತ್ತಿರಲಿಲ್ಲ. ಆಸ್ಪತ್ರೆ ಗೇಟಿನ ಹತ್ತಿರ ಒಬ್ಬ ರಕ್ತ ಕೊಡಿಸ್ತೀನಿ ಅಂತ ಮೂರು ಸಾವಿರ ಕೇಳಿದ್ದ, ಕೊಡಲಿಲ್ಲ.

ಊರಲ್ಲೇ ದಾನಿಗಳನ್ನ ಸೇರಿಸ್ತೀನಿ ಅಂದಾಗ ಅತ್ತೆ ಮನೆಯವರೇ ನಂಬಲಿಲ್ಲ. "ಒಂದ್ಸಲ ಕೊಡ್ತಾರೆ, ಆಮೇಲೆ ಮುಖ ತೋರಿಸಲ್ಲ" ಅಂದರು.

ಲೆಕ್ಕ ಹಾಕಿದೆ. ವರ್ಷಕ್ಕೆ ಸುಮಾರು 34 ಯೂನಿಟ್. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು, ಅಂದರೆ 9 ಜನ ಸಾಕು. ಅಲ್ಲೇ ನಾನು ತಪ್ಪಿದ್ದು. ಮೊದಲ ಸಲ ಮೂವರನ್ನ ಆಟೋದಲ್ಲಿ ಕರೆದುಕೊಂಡು ಹೋದೆ. ಒಬ್ಬನ ಹಿಮೋಗ್ಲೋಬಿನ್ 12.5 ಇರಲಿಲ್ಲ. ಇನ್ನೊಬ್ಬ ಹಚ್ಚೆ ಹಾಕಿಸಿಕೊಂಡು ವರ್ಷ ಆಗಿರಲಿಲ್ಲ. ಮೂರನೆಯವನ ಯೂನಿಟ್ ಪರೀಕ್ಷೆಗೆ ಹೋಯಿತು, ಅವತ್ತು ಸಿಗಲೇ ಇಲ್ಲ. ಆಟೋ, ಊಟ, ಒಂದು ದಿನದ ಬಿಚ್ಚಾಣಿಕೆ, ಎಲ್ಲ ಸೇರಿ ಎರಡೂವರೆ ಸಾವಿರ ಹೋಯಿತು. ಮಗು ರಾತ್ರಿ ಎಂಟರವರೆಗೆ ಬೆಂಚಿನ ಮೇಲೆ ಮಲಗಿತ್ತು.

ನನ್ನ ತಮ್ಮನ ಹೆಸರೂ ಬರೆದಿದ್ದೆ. ಮುಂದೆ ಬೋನ್ ಮ್ಯಾರೋ ಕಸಿ ಮಾಡಿಸೋದಾದ್ರೆ ರಕ್ತಸಂಬಂಧಿಕರ ರಕ್ತ ಬೇಡ ಅಂದರು ಡಾಕ್ಟರು. ಅವನ ಹೆಸರು ಹೊಡೆದು ಹಾಕಿದೆ.

ಈಗ 26 ಜನ ಇದ್ದಾರೆ. ಗೂಡಿನ ಲೆಕ್ಕದ ಪುಸ್ತಕದಲ್ಲೇ ಪ್ರತಿಯೊಬ್ಬರ ಕಳೆದ ತಾರೀಖು ಬರೆದಿದ್ದೀನಿ. ಮಗನ ಸರದಿಗೆ ಐದಾರು ದಿನ ಮುಂಚೆಯೇ ಇಬ್ಬರು ಹೋಗಿ ಕೊಟ್ಟು ಬರುತ್ತಾರೆ. ಆ ರಕ್ತ ಮಗನಿಗೆ ಹೊಂದುತ್ತಾ ಅಂತ ನೋಡುವ ಕ್ರಾಸ್‌ಮ್ಯಾಚ್‌ಗೆ ಹಿಂದಿನ ದಿನವೇ ಸ್ಯಾಂಪಲ್. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ನಾಲ್ಕರ ಹೊತ್ತಿಗೆ ಮನೆ. ಖರ್ಚು, ರಕ್ತದ ಬಿಳಿ ಕಣ ಸೋಸುವ ಫಿಲ್ಟರ್ ಸೇರಿಸಿಯೂ, ಅರ್ಧಕ್ಕೆ ಇಳಿದಿದೆ. ಎರಡು ಬೇಸಿಗೆ ದಾಟಿದೆವು, ಒಂದು ಸರದಿಯೂ ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾಗಿ ನಮ್ಮ ಕಡೆ ಬೇರೆ ಯಾರೂ ನಡೆಸಿದ್ದು ನಾನು ನೋಡಿಲ್ಲ. ಗೂಡಿನ ಮಾರುಕಟ್ಟೆಯ ಹುಡುಗರ ತಾಯಂದಿರನ್ನ ಒಪ್ಪಿಸಿದ್ದು ಹೇಗೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಎದುರು ಕೂತರೆ ಹೇಳ್ತೀನಿ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದ್ದೆ. ಪದೇ ಪದೇ ರಕ್ತ ಹಾಕಿಸಿದರೆ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತೆ. ಟೀ ಕಬ್ಬಿಣ ಹೀರದ ಹಾಗೆ ತಡೆಯುತ್ತೆ ಅಂತ ಊಟ ಆದಮೇಲೆ ಹಾಲಿಲ್ಲದ ಟೀ ಕೊಟ್ಟೆ, ನಾಲ್ಕು ತಿಂಗಳು. ಮೈಯಲ್ಲಿ ಕಬ್ಬಿಣ ಎಷ್ಟು ಸೇರಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆಯ ಅಂಕಿ ನಾಲ್ಕು ಸಾವಿರದಿಂದ ಕದಲಲಿಲ್ಲ. ಒಂದೊಂದು ಯೂನಿಟ್‌ನಲ್ಲೇ 200 ಮಿಲಿಗ್ರಾಂ ಕಬ್ಬಿಣ ಮೈಗೆ ಹೋಗುವಾಗ ಟೀ ಏನು ಮಾಡೀತು? ಕಬ್ಬಿಣ ಹೊರಹಾಕುವ ಡೆಫೆರಾಸಿರಾಕ್ಸ್ ಮಾತ್ರೆ ಒಂದು ದಿನವೂ ಬಿಡದೆ ಕೊಟ್ಟಮೇಲೆ ಎರಡು ಸಾವಿರದ ಕೆಳಗೆ ಬಂತು.

ಹಚ್ಚೆ ಹಾಕಿಸಿಕೊಂಡಿದ್ದ ಹುಡುಗ ವರ್ಷ ತುಂಬಿದ ವಾರವೇ ತಾನಾಗಿ ಬಂದ. ಈ ಶನಿವಾರ ಅವನದೇ ಸರದಿ.