ಸವಳು ನೀರು, ಎರಿ ಧೂಳಿ: ಮನೆಯಲ್ಲೇ ಕಾರು ತೊಳೆಯಲು ಏನು ಕೊಳ್ಳಬೇಕು, ಏನು ಬಿಡಬೇಕು

ಕಲಬುರಗಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಆರೂವರೆಗೆ ದಿನಾ ಒಂದು ಸದ್ದು. ಪಟ್, ಪಟ್, ಪಟ್. ಎದುರು ಮನೆಯ ಕಾಕಾ ಹಳದಿ ಅರಿವೆ ಝಾಡಿಸಿ ತಮ್ಮ ಹೊಸ ಕರಿ ಕಾರಿನ ಧೂಳಿ ಒರೆಸುತ್ತಾರೆ. ಒಣ ಅರಿವೆ, ಒತ್ತಿ ಒತ್ತಿ, ಗುಂಡಗೆ. ಆರು ತಿಂಗಳಲ್ಲಿ ಬಾನೆಟ್ ಮೇಲೆ ಬಿಸಿಲು ಬಿದ್ದರೆ ಸಾಕು, ಜೇಡರ ಬಲೆ ಹಾಸಿದ ಹಾಗೆ ಗೀರುಗಳು ಕಾಣತೊಡಗಿದವು. "ಬಣ್ಣಾನೇ ಸರಿ ಇಲ್ಲ ನೋಡು ತಮ್ಮಾ, ಯಾವುದರೆ ಚಲೋ ಪಾಲಿಶ್ ಇದ್ರ ಹೇಳು" ಅಂದರು. ಬಣ್ಣಕ್ಕೆ ಏನೂ ಆಗಿರಲಿಲ್ಲ. ಪಾಲಿಶೂ ಬೇಕಿರಲಿಲ್ಲ. ಆ ಹಳದಿ ಅರಿವೆಯನ್ನು ಒಲೆಗೆ ಹಾಕಿದ್ದರೆ ಸಾಕಿತ್ತು.

ಕಾರಿನ ಬಣ್ಣದ ಮೇಲೆ ಗಾಜಿನ ಹಾಗೆ ಕಾಣುವ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್ ಅಂತಾರೆ. ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ ಅಷ್ಟೇ, ತಲೆಗೂದಲು ಇದಕ್ಕಿಂತ ದಪ್ಪ. ನಮ್ಮ ಧೂಳಿಯಲ್ಲಿ ಎರಿ ಹೊಲದ ಕಪ್ಪು ಮಣ್ಣಿದೆ, ರಸ್ತೆಯ ಮರಳಿದೆ, ಸೇಡಂ ಕಡೆಗೋ ವಾಡಿ ಕಡೆಗೋ ಹೋಗಿ ಬಂದರೆ ಸಿಮೆಂಟೂ ಇರುತ್ತದೆ. ಒಣ ಧೂಳಿ ಸುಮ್ನೆ ಕೂತಿದ್ದರೆ ಗೀರುವುದಿಲ್ಲ. ಅದನ್ನು ಅರಿವೆಯಲ್ಲಿ ಹಿಡಿದು ತಿಕ್ಕಿದಾಗ ಅದು ಮರಳು ಕಾಗದ ಆಗುತ್ತದೆ. ಅದಕ್ಕೇ ನನ್ನ ಲೆಕ್ಕ ಬಹಳ ಸರಳ: ಕಾರಿಗೆ ಮುಟ್ಟುವ ಸಾಮಾನಿಗೆ ಮೊದಲು ದುಡ್ಡು ಹಾಕಿ, ಹೊಳಪಿನ ಬಾಟಲಿ ಆಮೇಲೆ. ಅಂಗಡಿಯಲ್ಲಿ ಇದು ಉಲ್ಟಾ ನಡೆಯುತ್ತದೆ.

ಹೆಜ್ಜೆ 1: ನೀರು ಯಾವುದು ನೋಡಿ

ಸಾಮಾನು ಕೊಳ್ಳುವ ಮೊದಲು ಒಂದು ಸ್ಟೀಲ್ ತಟ್ಟೆ ತಗೊಳ್ಳಿ. ಅದರ ಮೇಲೆ ನಿಮ್ಮ ಬೋರಿನ ನೀರು ಎರಡು ಹನಿ, ನಳದ ನೀರು ಎರಡು ಹನಿ, ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರು ಎರಡು ಹನಿ ಹಾಕಿ ಬಿಸಿಲಿಗಿಡಿ. ಒಣಗಿದ ಮೇಲೆ ನೋಡಿ. ಬೋರಿನ ಹನಿ ಬಿದ್ದಲ್ಲಿ ಬಿಳಿ ಉಂಗುರ ಕಾಣುತ್ತದೆ ಅಲ್ವಾ? ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಉಪ್ಪು, ಇಂಥ ನೀರಿಗೇ ಸವಳು ನೀರು ಅನ್ನುವುದು. ಅದೇ ಉಂಗುರ ನಿಮ್ಮ ಬಾನೆಟ್ ಮೇಲೂ ಕೂರುತ್ತದೆ. ಎ.ಸಿ. ನೀರಿನಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನಬಹುದು, ಬೇಸಿಗೆಯಲ್ಲಿ ರಾತ್ರಿಯೆಲ್ಲಾ ಬಕೆಟ್ ಇಟ್ಟು ಹಿಡಿಯಿರಿ, ಕೊನೆಯ ಜಾಲಾಟಕ್ಕೆ ಅದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಆರ್.ಓ. ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡ. "ವ್ಯರ್ಥ ಯಾಕೆ" ಅಂತ ಅದನ್ನೇ ಹಿಡಿದು ಕಾರು ತೊಳೆಯುವವರು ಬಹಳ ಜನ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲಾ ಅದರಲ್ಲೇ ಇರುತ್ತದೆ. ಅಂಗಳ ತೊಳೆಯಿರಿ, ಸಾಕು.

ಹೆಜ್ಜೆ 2: ಶಾಂಪೂ

ಬಾಟಲಿ ಮೇಲೆ "ಪಿಎಚ್ ನ್ಯೂಟ್ರಲ್" ಅಂತ ಇರಬೇಕು, ಅಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅಷ್ಟೇ. 3ಎಂ, ಟರ್ಟಲ್ ವ್ಯಾಕ್ಸ್, ಸೋನಾಕ್ಸ್, ನಮ್ಮ ದೇಶದ್ದೇ ಆದ ವೇವೆಕ್ಸ್, ಯಾವುದಾದರೂ ನಡೆಯುತ್ತದೆ, ಇದರಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಪಾತ್ರೆ ತಿಕ್ಕುವ ಲಿಕ್ವಿಡ್ ಬೇಡ, ಅದು ಜಿಡ್ಡು ತೆಗೆಯಲೆಂದೇ ಇರುವುದು, ನೀವು ಹಚ್ಚಿದ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಬಟ್ಟೆ ಸೋಪಿನ ಪುಡಿ ಅದಕ್ಕಿಂತ ಕೆಟ್ಟದ್ದು. ಸವಳು ನೀರಿನಲ್ಲಿ ನೊರೆ ಕಡಿಮೆ ಬರುತ್ತದೆ, ಬರಲಿ, ಅದಕ್ಕಂತ ಮುಚ್ಚಳದ ಮೇಲೆ ಮುಚ್ಚಳ ಸುರಿಯಬೇಡಿ. ಇನ್ನು ನೀರಿನಲ್ಲಿ ಸ್ವಲ್ಪ ಸೀಮೆಎಣ್ಣೆಯೋ ಡೀಸೆಲ್ಲೋ ಬೆರೆಸಿ ಒರೆಸಿದರೆ ಮಿಂಚುತ್ತದೆ ಅನ್ನುವ ಹಳೇ ಡ್ರೈವರ್ ವಿದ್ಯೆ ಇದೆಯಲ್ಲ, ಹೌದು, ಮಿಂಚುತ್ತದೆ, ಮಧ್ಯಾಹ್ನದವರೆಗೆ. ಆಮೇಲೆ ಆ ಎಣ್ಣೆಗೆ ಊರಿನ ಧೂಳಿಯೆಲ್ಲಾ ಅಂಟುತ್ತದೆ, ಬಾಗಿಲಿನ ರಬ್ಬರೂ ಹಾಳಾಗುತ್ತದೆ.

ಹೆಜ್ಜೆ 3: ಬಕೆಟ್, ಕೈಗವಸು, ಟವೆಲ್

ಬಕೆಟ್ ಎರಡು ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಸ್ಪಂಜು ಬೇಡ, ಅದರ ಮುಖ ಚಪ್ಪಟೆ, ಮರಳಿನ ಕಣ ಒಳಗೆ ಹೋಗದೆ ಬಣ್ಣಕ್ಕೂ ಸ್ಪಂಜಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕೈಗೆ ಹಾಕಿಕೊಳ್ಳುವ ಮೈಕ್ರೋಫೈಬರ್ ಗವಸು ತಗೊಳ್ಳಿ, ಉದ್ದ ಎಳೆ ಇರುವಂಥದ್ದು. ಕಣ ಎಳೆಗಳ ನಡುವೆ ಒಳಗೆ ಹೋಗಿ ಕೂರುತ್ತದೆ, ಆಮೇಲೆ ಬಕೆಟ್ಟಿನಲ್ಲಿ ಉದುರುತ್ತದೆ.

ಟವೆಲ್‌ಗಳಲ್ಲೇ ಜನ ಮೋಸ ಹೋಗುವುದು. ಮೈಕ್ರೋಫೈಬರ್ ಅಂತ ಬರೆದದ್ದೆಲ್ಲಾ ಮೈಕ್ರೋಫೈಬರ್ ಅಲ್ಲ. ಕೈಯಲ್ಲಿ ಹಿಡಿದು ನೋಡಿ: ಒಳ್ಳೆಯದಾದರೆ ಒರಟು ಅಂಗೈ ಚರ್ಮಕ್ಕೆ ಮೆತ್ತಗೆ ಅಂಟಿಕೊಂಡ ಹಾಗೆ ಆಗುತ್ತದೆ, ಕಳಪೆಯಾದರೆ ಸುಮ್ನೆ ಜಾರುತ್ತದೆ. ಬಟ್ಟೆಯ ತೂಕವನ್ನು ಜಿಎಸ್‌ಎಂ ಅಂತ ಬರೆದಿರುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಅಂತ. ವ್ಯಾಕ್ಸ್ ಒರೆಸಲು 300-400 ಸಾಕು, ನೀರು ಹೀರಲು 800ರ ಮೇಲಿನದೇ ತಗೊಳ್ಳಿ. ಅಂಚಿಗೆ ಹೊಲಿದ ಚೀಟಿ ಕತ್ತರಿಸಿ ತೆಗೆಯಿರಿ, ಅದೂ ಗೀರುತ್ತದೆ. ಗಾಲಿಗೆ ಬೇರೆ ಬಣ್ಣದ್ದು ಇಡಿ. ಗಾಲಿ ಒರೆಸಿದ ಅರಿವೆ ಬಾನೆಟ್ ಹತ್ತಿರ ಬರಲೇಬಾರದು, ತೊಳೆದಿದ್ದರೂ.

ಇದಿಷ್ಟೂ, ಶಾಂಪೂ ಸೇರಿ, ಹೆಚ್ಚುಕಡಿಮೆ 2,000 ರೂಪಾಯಿಯೊಳಗೆ ಆಗುತ್ತದೆ.

ಹೆಜ್ಜೆ 4: ತೊಳೆಯುವುದು, ಅಂದರೆ ಮುಟ್ಟುವ ಮೊದಲು ಮಾಡುವುದು

ಇಲ್ಲೇ ಎಲ್ಲರೂ ಕೆಡಿಸುವುದು. ಒಂದು ಮಗ್ ನೀರು ಚೆಲ್ಲಿ ತಕ್ಷಣ ತಿಕ್ಕಲು ಶುರು ಮಾಡುತ್ತಾರೆ. ಒಂದು ಮಗ್ ನೀರಿಗೆ ಎರಿ ಮಣ್ಣು ಹೋಗುವುದಿಲ್ಲ, ನೆನೆದು ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಮಳೆಗಾಲದಲ್ಲಿ ಎರಿ ಹೊಲದಲ್ಲಿ ನಡೆದವರಿಗೆ ಇದನ್ನು ಹೇಳಬೇಕಾಗಿಲ್ಲ, ಚಪ್ಪಲಿಯೇ ಹೇಳಿರುತ್ತದೆ.

ಪ್ರೆಶರ್ ವಾಷರ್ ಇದ್ದರೆ ಒಳ್ಳೆಯದು. ನನ್ನ ಹತ್ತಿರ ಇಲ್ಲ, ನಮ್ಮ ಕಡೆ ನಳ ದಿನಾ ಬರುವುದೂ ಇಲ್ಲ. ನಾನು ನೆಹರೂ ಗಂಜಿನ ಮಾರುಕಟ್ಟೆಯಲ್ಲಿ ತೊಗರಿಗೆ ಕೀಟದ ಎಣ್ಣೆ ಹೊಡೆಯುವ ಪಂಪು ಕೊಂಡೆ, ಬ್ಯಾಟರಿಯದು, 16 ಲೀಟರಿನದು. ಹೊಸದು ಕೊಳ್ಳಿ ಮತ್ತೆ, ಹೊಲದಲ್ಲಿ ಹೊಡೆದದ್ದನ್ನು ತರಬೇಡಿ, ಆ ವಿಷ ನಿಮ್ಮ ಕೈಗೂ ಬಾಗಿಲ ಹಿಡಿಕೆಗೂ ಹತ್ತುತ್ತದೆ. ಅದರಲ್ಲಿ ನೀರಿಗೆ ಒಂದಿಷ್ಟು ಶಾಂಪೂ ಹಾಕಿ ಕಾರಿನ ಮೇಲೆಲ್ಲಾ ಮಂಜಿನ ಹಾಗೆ ಹೊಡೆದು, ನಾಲ್ಕೈದು ನಿಮಿಷ ನೆನೆಯಲು ಬಿಟ್ಟು, ಒಣಗುವ ಮೊದಲೇ ಮೇಲಿನಿಂದ ಕೆಳಗೆ ಬರೀ ನೀರು ಹೊಡೆಯಬೇಕು. ಮಣ್ಣು ತಾನೇ ಹರಿದು ಇಳಿಯುವುದು ಕಾಣುತ್ತದೆ. ಇಳಿಯಲಿಲ್ಲವೋ, ಇನ್ನೊಂದು ಸಲ. ಕಾಯುವುದೇ ಕೆಲಸ ಇಲ್ಲಿ. ಚಾ ಕುಡಿಯಿರಿ ಬೇಕಾದರೆ.

ಇದೆಲ್ಲಾ ನೆರಳಿನಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ಎಂಟು ಗಂಟೆಗೇ ಅಂಗಳದ ಫರಸಿ ಕಲ್ಲು ಕಾಯುತ್ತದೆ, ಆದ್ದರಿಂದ ಬೆಳಿಗ್ಗೆ ಆರಕ್ಕೇ ಮುಗಿಸುವುದು ಇಲ್ಲಾ ಹೊತ್ತು ಮುಳುಗಿದ ಮೇಲೆ. ಬೇವಿನ ಗಿಡದ ಕೆಳಗೆ ನಿಲ್ಲಿಸಿದರೆ ಹಕ್ಕಿಗಳ ಕೃಪೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಗವಸು. ಮೇಲ್ಛಾವಣಿಯಿಂದ ಶುರು, ಬಂಪರ್ ಮತ್ತು ಬಾಗಿಲಿನ ಕೆಳಭಾಗ ಕೊನೆಗೆ. ನೇರ ಗೆರೆಯಲ್ಲಿ, ಗವಸಿನ ಭಾರವೇ ಸಾಕು, ಒತ್ತಬೇಡಿ. ಒಂದು ಬಾಗಿಲು ಮುಗಿದ ಕೂಡಲೇ ಬರೀ ನೀರಿನ ಬಕೆಟ್ಟಿನಲ್ಲಿ ಗವಸು ಜಾಲಿಸಿ, ಹಿಂಡಿ, ಆಮೇಲೆ ಶಾಂಪೂವಿನಲ್ಲಿ ಅದ್ದಿ. ಗವಸು ಕೆಳಗೆ ಬಿತ್ತೋ, ಆ ದಿನ ಅದು ಮತ್ತೆ ಕಾರು ಮುಟ್ಟಬಾರದು. ಮುಗಿದ ಮೇಲೆ ಜಾಲಿಸಿದ ಬಕೆಟ್ಟಿನ ತಳ ನೋಡಿ. ಅಲ್ಲಿ ಕೂತ ಮರಳು ಒಂದೇ ಬಕೆಟ್ ಇದ್ದಿದ್ದರೆ ಎಲ್ಲಿರುತ್ತಿತ್ತು ಅಂತ ಯೋಚಿಸಿ.

ಹೆಜ್ಜೆ 5: ಒಣಗಿಸುವುದು

ಎ.ಸಿ. ನೀರಿನಲ್ಲಿ ಕೊನೆಯ ಸಲ ಜಾಲಿಸಿ, ದೊಡ್ಡ ಟವೆಲ್ ಹಾಸಿ, ಮೆಲ್ಲಗೆ ಎಳೆದುಕೊಳ್ಳಿ. ತಾನೇ ಒಣಗಲಿ ಅಂತ ಬಿಟ್ಟರೆ ಮತ್ತೆ ಆ ಬಿಳಿ ಉಂಗುರ.

ಉಂಗುರ ಈಗಾಗಲೇ ಕೂತಿದ್ದರೆ ಕಿರಾಣಿ ಅಂಗಡಿಯ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಅರಿವೆ ಅದ್ದಿ ಕಲೆಯ ಮೇಲೆ ಒಂದು ನಿಮಿಷ ಇಟ್ಟು ತೆಗೆದು ಚೆನ್ನಾಗಿ ತೊಳೆಯಿರಿ. ತಿಕ್ಕಬಾರದು. ಇಬ್ಬನಿಗೆ ನೆನೆದು ಹತ್ತಿಕೊಂಡ ಸಿಮೆಂಟ್ ಚುಕ್ಕೆಗೂ ಇದೇ ಮದ್ದು. ವಿನಿಗರ್ ಹಚ್ಚಿದಲ್ಲಿ ವ್ಯಾಕ್ಸೂ ಹೋಗಿರುತ್ತದೆ, ಮತ್ತೆ ಹಚ್ಚಬೇಕು. ಬಾತ್‌ರೂಮ್ ಆಸಿಡ್ಡಿನಲ್ಲಿ ಅಲಾಯ್ ಗಾಲಿ ತೊಳೆದವರನ್ನು ಕಂಡಿದ್ದೇನೆ. ಫಳಫಳ ಅಂದವು, ಮುಂದೆ ಬೂದು ಬಣ್ಣಕ್ಕೆ ತಿರುಗಿದವು.

ಹೆಜ್ಜೆ 6: ಈಗ ಹೊಳಪಿನ ಬಾಟಲಿ

ನಮ್ಮಲ್ಲಿ ಎಲ್ಲಕ್ಕೂ "ಪಾಲಿಶ್" ಅಂತಾರೆ, ಗೊಂದಲ ಅಲ್ಲೇ ಇದೆ. ರಬ್ಬಿಂಗ್ ಕಾಂಪೌಂಡ್ ಮತ್ತು ಪಾಲಿಶ್ ಕ್ಲಿಯರ್ ಕೋಟನ್ನು ಸವೆಸಿ ಗೀರು ತೆಗೆಯುವಂಥವು. ವ್ಯಾಕ್ಸ್ ಮತ್ತು ಸೀಲಂಟ್ ಮೇಲೆ ಒಂದು ಪದರ ಕೂರಿಸುವಂಥವು. ಒಂದು ತೆಗೆಯುತ್ತದೆ, ಒಂದು ಸೇರಿಸುತ್ತದೆ. ನನ್ನ ಮೊದಲ ಕಾರಿಗೆ ಅಂಗಡಿಯವರು ಪಾಲಿಶ್ ಅಂತ ಕೊಟ್ಟ ಡಬ್ಬಿಯನ್ನು ನಾನು ತಿಂಗಳಿಗೊಮ್ಮೆ ಭಕ್ತಿಯಿಂದ ತಿಕ್ಕಿದೆ. ಎರಡು ವರ್ಷಕ್ಕೆ ಬಾನೆಟ್ಟಿನ ಅಂಚು ಮಂಕಾಯಿತು, ಆಗ ಡಬ್ಬಿ ತಿರುಗಿಸಿ ಓದಿದೆ. ಕಾಂಪೌಂಡ್! ತಪ್ಪು ನನ್ನದೂ ಹೌದು, ಮೊದಲೇ ಓದಬೇಕಿತ್ತು.

ಕಾರ್ನೂಬಾ ವ್ಯಾಕ್ಸ್ ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಗಿಡದ ಎಲೆಯಿಂದ ಬರುತ್ತದೆ. ನೋಡಲು ಬಹಳ ಚಂದ. ಆದರೆ ನಮ್ಮ ಬಿಸಿಲಿಗೆ ಒಂದೆರಡು ತಿಂಗಳಿಗಿಂತ ಜಾಸ್ತಿ ನಿಲ್ಲುವುದಿಲ್ಲ. ನನ್ನ ಮಾತು ಕೇಳುವುದಾದರೆ ಸಿಂಪಡಿಸುವ ಸೀಲಂಟ್ ತಗೊಳ್ಳಿ, ಬಾಟಲಿ ಮೇಲೆ ಸಿಲಿಕಾ ಅಂತಲೋ ಸೆರಾಮಿಕ್ ಸ್ಪ್ರೇ ಅಂತಲೋ ಇರುತ್ತದೆ. ಒಂದೊಂದೇ ಭಾಗಕ್ಕೆ ನಾಲ್ಕು ಹನಿ ಸಿಂಪಡಿಸಿ, ಹರಡಿ, ಬೇರೆ ಒಣ ಟವೆಲ್ಲಿನಿಂದ ಒರೆಸಿ. ನೀರು ಮಣಿಯ ಹಾಗೆ ನಿಲ್ಲುವುದು ಬಿಟ್ಟು ಚಪ್ಪಟೆಯಾಗಿ ಹರಡಿದ ದಿನ ಮತ್ತೆ ಹಚ್ಚಿ.

ಹಚ್ಚುವ ಮೊದಲು ತೆಳು ಕ್ಯಾರಿ ಬ್ಯಾಗಿನೊಳಗೆ ಕೈ ಹಾಕಿ ತೊಳೆದ ಬಾನೆಟ್ ಸವರಿ ನೋಡಿ. ಹರಳು ಹರಳು ಅನಿಸಿದರೆ ಮೊದಲು ಕ್ಲೇ ಬಾರ್ ಬೇಕು, ಬಣ್ಣಕ್ಕೆ ಅಂಟಿದ ಕಣ ಎತ್ತುವ ಜೇಡಿಯಂಥ ಮೆತ್ತನೆ ಮುದ್ದೆ, ಶಾಂಪೂ ನೀರು ಹಾಕಿಕೊಂಡು ಜಾರಿಸಬೇಕು. ಅದು ಕೆಳಗೆ ಬಿದ್ದರೆ ಎಷ್ಟೇ ದುಬಾರಿಯಾದರೂ ಎಸೆಯಿರಿ.

ಸಾವಿರಾರು ರೂಪಾಯಿಯ ಸೆರಾಮಿಕ್ ಕೋಟಿಂಗ್ ಮಾಡಿಸುವವರು "9ಎಚ್" ಅಂದ ಕೂಡಲೇ ಮರುಳಾಗಬೇಡಿ. ಅದು ಪೆನ್ಸಿಲ್ಲಿನಿಂದ ಗೀರಿ ಗಟ್ಟಿತನ ನೋಡುವ ಅಳತೆ. ಹೊಲದ ದಾರಿಯ ಬಳ್ಳಾರಿ ಜಾಲಿ ಅದನ್ನೂ ಗೀರುತ್ತದೆ, ಹಳದಿ ಅರಿವೆಯೂ ಗೀರುತ್ತದೆ.

ಉಳಿದವು ಬೇಗ ಹೇಳುತ್ತೇನೆ. ಟೈರಿಗೆ ನೀರಿನಾಧಾರಿತ ಡ್ರೆಸಿಂಗ್, ಎಣ್ಣೆಯಂಥದ್ದು ಬೇಡ. ಡ್ಯಾಶ್‌ಬೋರ್ಡಿಗೆ ಒದ್ದೆ ಅರಿವೆ ಸಾಕು, ಮಿಂಚುವ ಸ್ಪ್ರೇ ಹಾಕಿದರೆ ಮಧ್ಯಾಹ್ನದ ಬಿಸಿಲು ಗಾಜಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಟವೆಲ್ಲುಗಳನ್ನು ಹತ್ತಿ ಬಟ್ಟೆಯ ಜೊತೆ ಒಗೆಯಬೇಡಿ, ಕಂಫರ್ಟ್ ತರಹದ ಸುವಾಸನೆಯ ದ್ರವ ಹಾಕಬೇಡಿ, ಮನೆಯ ಒಳಗೇ ಒಣಗಿಸಿ. ಅಂಗಳದ ಹಗ್ಗದ ಮೇಲೆ ಹಾಕಿದರೆ ಸಂಜೆಗೆ ಅದೇ ಎರಿ ಧೂಳಿ ಅದರಲ್ಲೂ ತುಂಬಿರುತ್ತದೆ.

ಕಾಕಾನಿಗೆ ಗವಸು, ಎರಡು ಟವೆಲ್ ತಂದುಕೊಟ್ಟೆ. ಅವರು ಅದನ್ನೂ ಒಣಗಿದ್ದಾಗಲೇ ಹಾಕಿಕೊಂಡು ಬಾನೆಟ್ ಒರೆಸುತ್ತಿದ್ದರು, ಓಡಿ ಹೋಗಿ ಕೈ ಹಿಡಿದೆ.